ಎಡಗಡೆಯ ಹಾಳೆಗಳು

ಹೋದ ತಿಂಗಳು ಹುನಗುಂದದ ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯ ಹೆಣ್ಣುಮಗಳು ಮಷಿನ್ನಿನಿಂದ ಹೊರಬಂದ ಹಾಳೆಗಳನ್ನು ತಟ್ಟಿ ಜೋಡಿಸಿ ನನ್ನ ಕೈಯಲ್ಲಿಟ್ಟಳು. ಇನ್ನೂ ಬಿಸಿ ಬಿಸಿ. ಕಾದ ಕಾಗದ ಮತ್ತು ಕರಿ ಪುಡಿ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮುಖದಲ್ಲೂ ಕಂಡಿರಬೇಕು.

"ಯಾಕ್ರಿ ಅಕ್ಕೋರ, ಹಾಳಿ ಸರಿ ಬಂದಿಲ್ಲೇನ್ರಿ?" ಎಂದು ಪಾಪ, ಆಕೆ ಗಾಬರಿಯಾಗಿ ಕೇಳಿದಳು.

ಹಾಳೆ ಸರಿಯಾಗಿಯೇ ಬಂದಿದ್ದವು. ಝೆರಾಕ್ಸಿನ ಮೇಲಿನ ನನ್ನ ಸಿಟ್ಟು ಇಪ್ಪತ್ತು ವರ್ಷದಷ್ಟು ಹಳೆಯದು. ಅದನ್ನು ಆ ಹುಡುಗಿಗೆ ಎಲ್ಲಿಂದ ಶುರು ಮಾಡಿ ಹೇಳಲಿ?

ನಾನು ಒಯ್ದಿದ್ದು ಒಂದು ತೆಳ್ಳನೆಯ ಹಾಡಿನ ಪುಸ್ತಕ. ಅದರ ಮರುಮುದ್ರಣ ಆಗುತ್ತಿದೆಯಂತೆ. ಮುನ್ನುಡಿಯನ್ನು ನಾನೇ ಬರೆದು ಕೊಡಬೇಕಂತೆ. ನನ್ನ ಹತ್ತಿರ ಇದ್ದದ್ದು ಒಂದೇ ಪ್ರತಿ, ಅದೂ ಹರಿಯುವಂತಾಗಿತ್ತು. ಗುರುತು ಹಾಕಿಕೊಳ್ಳಲು ಒಂದು ಝೆರಾಕ್ಸ್ ಇರಲಿ ಎಂದು ಹೋಗಿದ್ದೆ. ಆ ಪುಸ್ತಕದ ಮುಖಪುಟದ ಮೇಲೆ ಸಂಪಾದಕರು ಎಂದು ಒಬ್ಬರ ಹೆಸರಿದೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ಈಗಾಗಲೇ ಆಗಿರುವ ಅನ್ಯಾಯವೇ ಸಾಕಷ್ಟಿದೆ.

ಇಳಕಲ್ಲಿನಲ್ಲಿ ಎಲ್ಲರೂ ಅವರನ್ನು ಪೇಟಿ ಮಾಸ್ತರು ಎನ್ನುತ್ತಿದ್ದರು. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ನೇಕಾರರ ಓಣಿಯಲ್ಲಿ ಅವರ ಮನೆ, ಮನೆಯ ಪಡಸಾಲೆಯಲ್ಲಿಯೇ ಹಾಡಿನ ಕ್ಲಾಸು. ಎಡಕ್ಕೂ ಬಲಕ್ಕೂ ಮಗ್ಗದ ಸಪ್ಪಳ. ಹೊಸದಾಗಿ ಬಂದವರು ಈ ಗದ್ದಲದಲ್ಲಿ ಹೇಗೆ ಹಾಡುವುದು ಎಂದರೆ, "ಮಗ್ಗ ಎಂದೂ ತಾಳ ತಪ್ಪೂದಿಲ್ಲ, ತಪ್ಪೂದು ನೀವು" ಎನ್ನುತ್ತಿದ್ದರು. ಬಿಳಿ ಧೋತರ, ಕೈ ಮಡಚಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಒಂದು ಕರಿ ಶಾಯಿಯದು, ಇನ್ನೊಂದು ಕೆಂಪು.

ನಾನಾಗ ಅದೇ ಊರಿನ ಒಂದು ಪ್ರೌಢಶಾಲೆಯಲ್ಲಿ ಹಂಗಾಮಿ ಕನ್ನಡ ಶಿಕ್ಷಕಿ. ಸಂಜೆ ಅವರಲ್ಲಿ ಹಾಡು ಕಲಿಯಲು ಹೋಗುತ್ತಿದ್ದೆ. ನನ್ನ ಕಂಠ ಅಷ್ಟಕ್ಕಷ್ಟೇ ಎಂದು ಅವರಿಗೆ ಒಂದು ವಾರದಲ್ಲಿಯೇ ಗೊತ್ತಾಯಿತು. ನನ್ನ ಅಕ್ಷರ ದುಂಡಗಿವೆ ಎಂಬುದೂ ಗೊತ್ತಾಯಿತು. "ತಂಗಿ, ನೀ ಹಾಡೂದಕ್ಕಿಂತ ಬರಿಯೂದು ಛಲೋ" ಎಂದು ನಗುತ್ತ ನನ್ನ ಮುಂದೆ ಒಂದು ರಟ್ಟಿನ ಪುಸ್ತಕ ಇಟ್ಟರು. ಹೀಗೆ ನಾನು ಅವರ ಬರವಣಿಗೆಯವಳಾದೆ.

ಮಲಪ್ರಭೆಯ ದಂಡೆಯ ಒಂದು ಸಣ್ಣ ಮಠದಲ್ಲಿ ಕೈಯಿಂದ ಬರೆದ ಮೂರು ಹಾಡಿನ ಪುಸ್ತಕಗಳಿದ್ದವು. ಮೂವರು ಬೇರೆ ಬೇರೆ ಕಾಲದಲ್ಲಿ ಬರೆದವು. ಹಾಡಿನ ಒಂದೊಂದು ಅಕ್ಷರದ ತಲೆಯ ಮೇಲೂ ಸ, ರಿ, ಗ, ಮ ಎಂದು ಸ್ವರ. ಹಾಡುಗಳು ಐನೂರು ವರ್ಷದ ಹಿಂದಿನವು ಎಂದು ಮಠದವರು ಎದೆ ಉಬ್ಬಿಸಿ ಹೇಳುತ್ತಿದ್ದರು. ಮಾಸ್ತರು ಅದಕ್ಕೆ ಹೂಂ ಅನ್ನುತ್ತಲೂ ಇರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ. "ಹಾಡು ಹಳೇವ ಇರಬಹುದು. ಈ ಶಾಯಿ ನಮ್ಮ ಅಜ್ಜನ ಕಾಲದ್ದು. ನಾ ಕಣ್ಣಿಲೆ ನೋಡಿದ್ದು ಶಾಯಿ ಅಷ್ಟ" ಎನ್ನುತ್ತಿದ್ದರು.

ಆ ಪುಸ್ತಕ ಮುಂದಿಟ್ಟುಕೊಂಡು ಈಗಿನವರು ಹಾಡಲು ಸಾಧ್ಯವಿರಲಿಲ್ಲ. ಗ ಎಂದು ಬರೆದಿದೆ ನಿಜ, ಯಾವ ಗ? ಇಳಿಸಿ ಹಾಡುವ ಕೋಮಲವೋ, ಶುದ್ಧವೋ? ಕೋಮಲಕ್ಕೆ ಹಾಕುವ ಗೆರೆಯನ್ನು ಬರೆದವರು ಹಾಕಿರಲಿಲ್ಲ. ಅವರಿಗೆ ಅದು ಬೇಕಿರಲಿಲ್ಲ, ಕೇಳಿ ಕೇಳಿ ಬಾಯಿಗೆ ಬಂದಿತ್ತು. ನಮ್ಮ ಅವ್ವಂದಿರು ಪಲ್ಯಕ್ಕೆ ಬೇಕಾದ ಸಾಮಾನು ಬರೆದುಕೊಟ್ಟರೆ ಉಪ್ಪು ಎಂದು ಬರೆಯುತ್ತಾರೆಯೇ? ಹಾಗೆ. ಮೇಲಾಗಿ ಒಂದು ಪುಸ್ತಕದಲ್ಲಿ ಗ ಇದ್ದ ಕಡೆ ಇನ್ನೊಂದರಲ್ಲಿ ರಿ, ಮೂರನೆಯದರಲ್ಲಿ ಇಲಿ ಕಡಿದ ತೂತು. ಇದನ್ನೆಲ್ಲ ಬಿಡಿಸಿ, ಹಾಡುವವರು ಹಾಡಬಹುದಾದ, ಅಭ್ಯಾಸ ಮಾಡುವವರು ನಂಬಬಹುದಾದ ಒಂದು ಪುಸ್ತಕ ಮಾಡಬೇಕು ಎಂಬುದು ಮಾಸ್ತರ ಹಟ. ಆರು ವರ್ಷ ಅದರಲ್ಲಿಯೇ ಕಳೆದರು.

ಅವರದೊಂದು ಪದ್ಧತಿ ಇತ್ತು. ಪುಸ್ತಕ ತೆರೆದರೆ ಬಲಗಡೆಯ ಹಾಳೆ ಹಾಡುವವರದು: ಹಾಡು, ತಲೆಯ ಮೇಲೆ ಸ್ವರ, ಒಂದು ಹೆಚ್ಚು ಮಾತಿಲ್ಲ. ಎಡಗಡೆಯ ಹಾಳೆ ಅಭ್ಯಾಸಿಗಳದು: ಯಾವ ಪುಸ್ತಕದಲ್ಲಿ ಏನಿದೆ, ಎಲ್ಲಿ ತೂತು, ಎಲ್ಲಿ ಅನುಮಾನ. "ಹಾಡಾವಗ ನಿಂತು ಓದಾಕ ಪುರುಸೊತ್ತ ಇರಂಗಿಲ್ಲ. ಓದಾವ ಹಾಡಂಗಿಲ್ಲ. ಇಬ್ಬರಿಗೂ ಸುಳ್ಳ ಹೇಳಬಾರದು, ಅಷ್ಟ" ಎನ್ನುತ್ತಿದ್ದರು. ಮತ್ತು ಮೂಲದಲ್ಲಿ ಇದ್ದದ್ದೆಲ್ಲ ಕರಿ ಶಾಯಿ. ತಾವು ಊಹಿಸಿ ಸೇರಿಸಿದ ಗುರುತು, ಒಂದು ಚುಕ್ಕೆಯಾದರೂ ಸರಿ, ಕೆಂಪು ಶಾಯಿ. ಅಚ್ಚಾಗುವಾಗ ಕೆಂಪಿನದೆಲ್ಲ ಸಣ್ಣ ಅಕ್ಷರದಲ್ಲಿ ಸ್ವರದ ಮೇಲೆ ಬರಬೇಕು ಎಂದು ಮೊದಲ ಹಾಳೆಯಲ್ಲಿ ಬರೆಸಿದ್ದರು.

ಆ ಕೆಂಪು ಪೆನ್ನಿನ ಬಿಸಿ ನನಗೂ ಮುಟ್ಟಿತ್ತು. ಒಂದು ಹಾಡಿನಲ್ಲಿ ಎಲ್ಲ ಸಾಲಿಗೂ ಎಂಟೆಂಟು ಮಾತ್ರೆ, ಒಂದೇ ಒಂದು ಸಾಲಿಗೆ ಏಳು. ಬರೆದವನು ಮರೆತಿದ್ದಾನೆ ಎಂದು ನಾನು ಜಾಣತನ ತೋರಿಸಿ ಕರಿ ಶಾಯಿಯಲ್ಲಿಯೇ ಒಂದು ಸ್ವರ ತುಂಬಿಬಿಟ್ಟೆ. ಮಾಸ್ತರು ಹಾಳೆ ತಿರುವುತ್ತ ಅಲ್ಲಿ ನಿಂತರು.

"ಈ ಪ ಯಾರದು?"

"ಸಾಲು ಕಡಿಮಿ ಬೀಳತಿತ್ತರಿ ಮಾಸ್ತರ, ಅದಕ್ಕ..."

"ಯಾರದು ಅಂತ ಕೇಳಿದೆ."

"ನಂದ್ರಿ."

"ಬರದಾಂವ ಮರತಿರಬಹುದು. ಬೇಕಂತ ಬಿಟ್ಟಿರಲೂಬಹುದು. ನಿನಗ ಹೆಂಗ ಗೊತ್ತ? ನೀ ಅಂವನ ಬಾಜೂಕ ಕುಂತಿದ್ದೇನು?"

ಅಂದು ಹನ್ನೊಂದು ಹಾಳೆ ಮತ್ತೆ ಬರೆಸಿದರು. ಅಳುತ್ತಲೇ ಬರೆದೆ. ಒಂದು ಪ ಸ್ವರಕ್ಕಾಗಿ ಹನ್ನೊಂದು ಹಾಳೆಯೇ ಎಂದು ಹಲ್ಲು ಕಡಿದೆ. ಅವರ ಹೆಂಡತಿ ಒಳಗಿನಿಂದ ಚಹಾ ತಂದಿಟ್ಟು, "ಮೂವತ್ತ ವರ್ಷ ಆತು, ನನ್ನ ಸಾರಿಗೂ ಹಿಂಗ ಲೆಕ್ಕ ಕೇಳತಾರ" ಎಂದು ನಗಿಸಿದರು. ಆ ತಾಯಿಯನ್ನು ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು.

ಮಠದಲ್ಲಿ ಸಂಜೆಯ ಮಂಗಳಾರತಿಗೆ ಹಾಡುತ್ತಿದ್ದ ಒಬ್ಬ ಮುದುಕಿ ಇದ್ದಳು. ಓದು ಬರಹ ಇಲ್ಲ. ಆ ಹಾಡುಗಳನ್ನು ಬಾಯಿಂದ ಕಲಿತವರಲ್ಲಿ ಆಕೆಯೇ ಕೊನೆಯವಳು. ಕಮತಗಿಯಲ್ಲಿ ಬಸ್ ಬದಲಾಯಿಸಿ, ಪೇಟಿ ತೊಡೆಯ ಮೇಲಿಟ್ಟುಕೊಂಡು ಎಷ್ಟು ಸಲ ಹೋಗಿದ್ದೇವೋ... ಆಕೆ ಒಂದು ಹಾಡಿನಲ್ಲಿ ಗಾಂಧಾರವನ್ನು, ಅಂದರೆ ಗ ಸ್ವರವನ್ನು, ಏರುವಾಗ ಒಂದು ಜಾಗದಲ್ಲಿ ಹಿಡಿಯುತ್ತಿದ್ದಳು, ಇಳಿಯುವಾಗ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಮಾಸ್ತರು ಪೇಟಿಯಲ್ಲಿ ಹುಡುಕಿದರು. ಬೆರಳಿಡುವ ಈ ಮನೆ ಒತ್ತಿದರೆ ಮೇಲೆ, ಪಕ್ಕದ್ದು ಒತ್ತಿದರೆ ತೀರ ಕೆಳಗೆ. ನಲವತ್ತು ವರ್ಷ ಪೇಟಿ ನುಡಿಸಿದ ಮನುಷ್ಯ ಅದರ ಗಾಳಿಯ ತಿದಿ ಮುಚ್ಚಿ ಪಕ್ಕಕ್ಕೆ ಸರಿಸಿದರು. "ಅಕಿ ಹಾಡೂ ಜಾಗಾ ಇದರಾಗ ಇಲ್ಲ" ಎಂದರು. ಆ ಗ ದ ತಲೆಯ ಮೇಲೆ ಕೆಂಪಿನಲ್ಲಿ ಕೆಳಮುಖದ ಒಂದು ಸಣ್ಣ ಬಾಣ ಹಾಕಿಸಿದರು. ಎಡಗಡೆಯ ಹಾಳೆಯಲ್ಲಿ ಆಕೆಯ ಹೆಸರು, ಊರು ಬರೆಸಿ, ಈಕೆ ಹೀಗೆ ಹಾಡಿದ್ದು ಕೇಳಿದ್ದೇನೆ, ಪುಸ್ತಕದಲ್ಲಿ ಗುರುತಿಲ್ಲ, ಹಾಡುವವರು ಇದನ್ನು ತಿಳಿದುಕೊಂಡು ತಮಗೆ ಸರಿ ಕಂಡಂತೆ ಹಾಡಲಿ ಎಂದು ಬರೆಸಿದರು.

ಇನ್ನು ಸಿಟ್ಟಿನ ಮಾತಿಗೆ ಬರುತ್ತೇನೆ.

ಪುಸ್ತಕವನ್ನು ಅಚ್ಚು ಹಾಕಿಸುತ್ತೇವೆ ಎಂದು ಮುಂದೆ ಬಂದದ್ದು ಒಂದು ಸಮಿತಿ. ನಾನು ಕೆಲಸ ಮಾಡುತ್ತಿದ್ದ ಶಾಲೆಯನ್ನು ನಡೆಸುತ್ತಿದ್ದುದೂ ಅದೇ ಸಮಿತಿ. ಅದರ ಕಾರ್ಯದರ್ಶಿ ಬೆಳಿಗ್ಗೆ ಎದ್ದರೆ ಸನ್ಮಾನ, ಮಲಗಿದರೆ ಸನ್ಮಾನ ಎನ್ನುವ ಮನುಷ್ಯ. ಯಾರೋ ದೊಡ್ಡವರು ಬರುವ ಸಮಾರಂಭಕ್ಕೆ ಒಂದು ಪುಸ್ತಕ ಬಿಡುಗಡೆ ಆಗಬೇಕಿತ್ತು. ಯಾವುದಾದರೂ ಸರಿ. ಮಾಸ್ತರ ಆರು ವರ್ಷದ ಕೆಲಸ ಅವರ ಕಣ್ಣಿಗೆ ಬಿತ್ತು.

ಅದೇ ಹೊತ್ತಿಗೆ ಮಾಸ್ತರ ಕಣ್ಣಿನ ಆಪರೇಷನ್ ಆಯಿತು. ಬಾಗಲಕೋಟೆಯ ದವಾಖಾನೆಯಿಂದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದು ಮಲಗಿದ್ದರು. ಕಾರ್ಯದರ್ಶಿ ಪ್ರತಿ ಕೇಳಿ ಕಳಿಸಿದರು. ನಾವು ಎರಡು ಶಾಯಿಯಲ್ಲಿ ಬರೆದ ಮೂಲಪ್ರತಿ ಮನೆಯ ಹೊಸ್ತಿಲು ದಾಟಬಾರದು ಎಂಬುದು ಮಾಸ್ತರ ನಿಯಮ. ಝೆರಾಕ್ಸ್ ಮಾಡಿಸಿ ಕೊಡು ಎಂದರು. ಮಾಡಿಸಿದೆ. ಬಿಸಿ ಬಿಸಿ ಕಟ್ಟನ್ನು ಎದೆಗವಚಿಕೊಂಡು ಸಮಿತಿಯ ಆಫೀಸಿಗೆ ಒಯ್ದು ಕೊಟ್ಟೆ. ಮನೆಗೆ ಬಂದ ಮೇಲೆ ಹೊಳೆಯಿತು. ಆಗಿನ ಝೆರಾಕ್ಸಿನಲ್ಲಿ ಕೆಂಪೂ ಕರಿಯೇ, ಕರಿಯೂ ಕರಿಯೇ! ಮಾಸ್ತರು ಆರು ವರ್ಷ ಉಸಿರು ಬಿಗಿಹಿಡಿದು ಬೇರೆ ಇಟ್ಟಿದ್ದು ಒಂದು ತಾಸಿನಲ್ಲಿ ಕಲಸಿಹೋಗಿತ್ತು.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಗಾದರೂ ಆಗುತ್ತದೆ, ತಿದ್ದಬಹುದು. ಮರುದಿನವೇ ಕಾರ್ಯದರ್ಶಿಯ ಹತ್ತಿರ ಓಡಿದೆ, ಅಚ್ಚಿನ ಕರಡು ಬರಲಿ, ಎಲ್ಲ ಕೆಂಪು ಗುರುತು ಹಾಕಿ ಕೊಡುತ್ತೇನೆ ಎಂದೆ. ಕರಡು ಬಂತು. ಎರಡು ರವಿವಾರ ಕೂತು ಮೂಲಪ್ರತಿ ಪಕ್ಕಕ್ಕಿಟ್ಟುಕೊಂಡು ಒಂದೊಂದು ಗುರುತಿಗೂ ಸುತ್ತು ಹಾಕಿದೆ. ಆದರೆ ಕರಡಿನಲ್ಲಿ ಎಡಗಡೆಯ ಹಾಳೆಗಳೇ ಇರಲಿಲ್ಲ. ಒಂದೂ ಇರಲಿಲ್ಲ.

"ತಗಸೇನಿ" ಎಂದರು ಕಾರ್ಯದರ್ಶಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತ. "ಅದೇನ ಅಕ್ಕೋರ, ಇಲ್ಲಿ ಹರದೈತಿ, ಅಲ್ಲಿ ಅನುಮಾನ ಐತಿ ಅಂತ ಬರಕೊಂಡ ಕುಂತಾರ? ನಮ್ಮ ಹಾಡಿಗೆ ನಾವ ಅನುಮಾನ ಪಡೂದ? ಮಂದಿ ನಗತಾರ. ಆ ಸಣ್ಣ ಅಕ್ಷರನೂ ಬ್ಯಾಡ, ಪ್ರೆಸ್ಸಿನಾಂವ ಟೈಮ್ ಇಲ್ಲ ಅಂತಾನ. ಎಲ್ಲಾ ಒಂದ ಸೈಜಿನಾಗ ಇರಲಿ, ಛಂದ ಕಾಣತೈತಿ."

"ಮಾಸ್ತರು ಒಪ್ಪಂಗಿಲ್ರಿ" ಎಂದೆ.

"ಅವರ ಕಣ್ಣ ಕಟ್ಟೇತಿ. ಈಗ್ಯಾಕ ತ್ರಾಸ ಕೊಡೂದು? ನೀವ ನೋಡೀರಿ, ಸಾಕ. ಇಲ್ಲೊಂದ ಸಹಿ ಹಾಕ್ರಿ, ತಪ್ಪಿಲ್ಲ ಅಂತ." ಎಂದು ಪೆನ್ನು ಮುಂದಿಟ್ಟರು. ಆಮೇಲೆ ಏನೋ ನೆನಪಾದವರಂತೆ, "ನಿಮ್ಮದು ಕಾಯಂ ಮಾಡೂ ವಿಷಯ ಈ ಮೀಟಿಂಗಿಗೇ ಐತಿ ನೋಡ್ರಿ" ಎಂದರು.

ನಾನು ಸಹಿ ಮಾಡಿದೆ.

ಯಾರೂ ಕುತ್ತಿಗೆ ಹಿಡಿದಿರಲಿಲ್ಲ. ತಪ್ಪಿಲ್ಲ ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಮಾಡಿದೆ. ಮುಂದಿನ ತಿಂಗಳು ನೌಕರಿ ಕಾಯಂ ಆಯಿತು. ಆ ನೌಕರಿಯ ಅನ್ನವನ್ನೇ ನಿವೃತ್ತಿಯವರೆಗೆ ಉಂಡಿದ್ದೇನೆ.

ಸಮಾರಂಭ ಬಹಳ ಜೋರಾಯಿತು. ಮುಖಪುಟದ ಮೇಲೆ ಐನೂರು ವರ್ಷಗಳ ಮೂಲ ಸ್ವರಗಳು ಎಂದು ದಪ್ಪಗೆ ಅಚ್ಚು ಹಾಕಿಸಿದ್ದರು. ಮಾಸ್ತರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಕರಿ ಕನ್ನಡಕ ಹಾಕಿಕೊಂಡು ಕೂತಿದ್ದ ಅವರು ಪುಸ್ತಕವನ್ನು ಕೈಯಿಂದ ಸವರಿ ನೋಡಿದರು. ತೆಳ್ಳಗಿದೆ ಎಂದು ಕೈಗೇ ಗೊತ್ತಾಗಿರಬೇಕು. ನನ್ನ ಕಡೆ ಮುಖ ತಿರುಗಿಸಿದರು. ಕಣ್ಣು ಸರಿಯಾಗಿ ಕಾಣತೊಡಗಿದ ದಿನ ಮನೆಗೆ ಕರೆಸಿದರು. ಪುಸ್ತಕ ಅವರ ಮುಂದೆ ತೆರೆದು ಬಿದ್ದಿತ್ತು.

"ಹಿಂಗ್ಯಾಕ ಆತು ತಂಗಿ?"

"ಪ್ರೆಸ್ಸಿನವರು ಕೆಡಿಸ್ಯಾರ್ರಿ ಮಾಸ್ತರ" ಎಂದೆ.

"ಹೌದೇನು" ಎಂದರು. ಅಷ್ಟೇ.

ವರ್ಷ ತುಂಬುವುದರೊಳಗೆ ಹೊಡೆತ ಬಿತ್ತು. ಒಬ್ಬ ಪ್ರಾಧ್ಯಾಪಕರು ಮಠಕ್ಕೆ ಹೋಗಿ ಮೂರೂ ಪುಸ್ತಕಗಳನ್ನು ತೆರೆದು ಅಚ್ಚಾದದ್ದರ ಜೊತೆ ಹೋಲಿಸಿ ನೋಡಿದರು. ಮೂಲದಲ್ಲಿ ಒಂದು ಕೋಮಲದ ಗೆರೆಯೂ ಇಲ್ಲ, ಇದರಲ್ಲಿ ಪುಟಪುಟಕ್ಕೂ ಇವೆ. ಒಂದು ಪತ್ರಿಕೆಯಲ್ಲಿ ಉದ್ದ ಲೇಖನ ಬರೆದರು. ಸಂಪಾದಕರು ತಮ್ಮ ಸ್ವಂತ ಸ್ವರಗಳನ್ನು ಹಳೆಯ ಹಾಡಿನ ಹೆಸರಿನಲ್ಲಿ ದಾಟಿಸಿದ್ದಾರೆ, ಇದು ಸಂಪಾದನೆಯಲ್ಲ, ಮೋಸ ಎಂಬ ಅರ್ಥದಲ್ಲಿ. ಆ ಪುಣ್ಯಾತ್ಮ ಮಠದವರೆಗೆ ಬಂದಿದ್ದರಲ್ಲ, ಅಲ್ಲಿಂದ ಇಳಕಲ್ಲಿಗೆ ಒಂದು ಬಸ್ಸು ಹತ್ತಿದ್ದರೆ ಮೂಲಪ್ರತಿ ಕಣ್ಣೆದುರಿಗೆ ಸಿಗುತ್ತಿತ್ತು. ಹತ್ತಲಿಲ್ಲ. ಅಚ್ಚಾದದ್ದರಲ್ಲಿ ಕಂಡದ್ದನ್ನೇ ಬರೆದರು, ಅವರ ಲೆಕ್ಕಕ್ಕೆ ಅದು ಸರಿಯೇ. ಆದರೂ ಆ ಒಂದು ಬಸ್ಸನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಇಡೀ ಜನ್ಮದಲ್ಲಿ ಒಂದು ಚುಕ್ಕೆಯನ್ನೂ ಇನ್ನೊಬ್ಬರ ಹೆಸರಿನಲ್ಲಿ ಬರೆಯದ ಮನುಷ್ಯ ಮೋಸಗಾರ ಆದರು. ಸಮಿತಿಯವರು? ಕೈ ತೊಳೆದುಕೊಂಡರು. ನಮಗೇನು ಗೊತ್ತು, ಮಾಸ್ತರು ಕೊಟ್ಟದ್ದನ್ನು ಅಚ್ಚು ಹಾಕಿಸಿದೆವು ಎಂದರು. ಶಾಲು ಹೊದಿಸಿ ಹೊಗಳಿದ ಅದೇ ಬಾಯಿ! ಕ್ಲಾಸಿಗೆ ಬರುವ ಮಕ್ಕಳು ಕಡಿಮೆಯಾದರು. ಸಂಗೀತ ಪರೀಕ್ಷೆಗೆ ಪರೀಕ್ಷಕರೆಂದು ಮಾಸ್ತರನ್ನು ಕರೆಯುತ್ತಿದ್ದವರು ಕರೆಯುವುದನ್ನು ಬಿಟ್ಟರು. ನಾನು? ನಾನು ದಿನಾ ಶಾಲೆಗೆ ಹೋಗಿ ಹಾಜರಿ ಹಾಕಿ ಬರುತ್ತಿದ್ದೆ.

ಮಾಸ್ತರು ಜಗಳಕ್ಕೆ ಹೋಗಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ಹೊರಟರು. ತಮಗೆ ಬಂದಿದ್ದ ಇಪ್ಪತ್ತೈದು ಪ್ರತಿಗಳಲ್ಲಿ ಒಂದೊಂದು ಗುರುತನ್ನೂ ಕೈಯಿಂದ ಕೆಂಪು ಮಾಡಿದರು. ಆಮೇಲೆ ಬಾಗಲಕೋಟೆ, ಬದಾಮಿ, ಹುನಗುಂದ ಎಂದು ಊರೂರಿಗೆ ಹೋಗಿ ಪುಸ್ತಕ ಕೊಂಡವರ ಮನೆ ಹುಡುಕಿ, "ಒಂದ ತಾಸ ಕೊಡ್ರಿ, ತಿದ್ದಿ ಕೊಡತೇನಿ" ಎಂದು ಕೇಳಿದರು. ಕೆಲವರು ಚಹಾ ಕೊಟ್ಟು ಕೂರಿಸಿದರು. ಕೆಲವರು ಬಾಗಿಲಲ್ಲಿಯೇ ಮಾತಾಡಿ ಕಳಿಸಿದರು.

ಒಂದು ಊರಿನ ಗ್ರಂಥಾಲಯಕ್ಕೆ ನಾನೂ ಜೊತೆಗೆ ಹೋಗಿದ್ದೆ. ಯಾವ ಊರು ಎಂದು ಹೇಳುವುದಿಲ್ಲ. ಕಿಟಕಿಯ ಪಕ್ಕ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮಗುವಿಗೆ ಕಾಡಿಗೆ ಹಚ್ಚುವಷ್ಟು ಜೋಪಾನವಾಗಿ ಗೆರೆಗಳ ಮೇಲೆ ಕೆಂಪು ಎಳೆಯುತ್ತಿದ್ದರು. ಅಲ್ಲಿನ ನೌಕರ ಬಂದು ತಲೆಯ ಮೇಲೆ ನಿಂತ.

"ಏನ್ರಿ ಹಿರ್ಯಾರ, ತಲಿ ಬೆಳ್ಳಗಾಗೇತಿ, ಪುಸ್ತಕದಾಗ ಗೀಚಾಕ ನಾಚಿಕಿ ಬರಂಗಿಲ್ಲ?"

"ಇದು ನಾ ಮಾಡಿದ ಪುಸ್ತಕರಿ. ಸ್ವಲ್ಪ ತಪ್ಪ ಆಗ್ಯಾವ."

"ನಿಮ್ಮದರೇ ಇರಲಿ, ನಿಮ್ಮಪ್ಪಂದರೇ ಇರಲಿ, ಇಲ್ಲಿ ಹೊಡದ ಸಿಕ್ಕಾ ನೋಡ್ರಿ. ಸರಕಾರದ್ದು ಇದು. ಏಳ್ರಿ ಮ್ಯಾಲ."

ಪುಸ್ತಕ ಕಸಿದುಕೊಂಡ. ಪೆನ್ನನ್ನೂ ಕಸಿದುಕೊಂಡ. ಪೇಪರ್ ಓದುತ್ತ ಕೂತಿದ್ದವರೆಲ್ಲ ತಲೆ ಎತ್ತಿ ನೋಡಿದರು. ತಪ್ಪು ಇವರದಲ್ಲ, ನನ್ನದು ಎಂದು ಹೇಳಲು ನನಗೆ ಅಷ್ಟು ಮಂದಿ ಸಾಕ್ಷಿ ಇದ್ದರು. ನಾನು ಚೀಲ ಎತ್ತಿಕೊಂಡು ಎದ್ದೆ. ಮಾಸ್ತರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, "ನಲವತ್ತನೇ ಪುಟಕ್ಕ ಬಂದಿದ್ದೆ" ಎಂದರು.

ಅದಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಮಣ್ಣಿಗೆ ಹೋಗಿದ್ದೆ. ಸಮಿತಿಯಿಂದ ಒಂದು ಹಾರ ಬಂದಿತ್ತು, ಮನುಷ್ಯರು ಬಂದಿರಲಿಲ್ಲ. ಮಠದ ಮುದುಕಿ ಬಂದಿದ್ದಳು. ಯಾರದೋ ಹೆಗಲು ಹಿಡಿದು ಬಂದು ತಲೆದೆಸೆಗೆ ಕೂತು ಒಂದು ಹಾಡು ಹೇಳಿದಳು. ಇಳಿಯುವಾಗಿನ ಆ ಗಾಂಧಾರ ಕೇಳಿ ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಇಷ್ಟು ವರ್ಷದ ಮೇಲೆ ಅದೇ ಸಮಿತಿಯ ಹೊಸ ಕಾರ್ಯದರ್ಶಿ ಫೋನ್ ಮಾಡಿ ಪುಸ್ತಕ ಮತ್ತೆ ಬರುತ್ತಿದೆ ಎಂದಾಗ, ಈಗಲಾದರೂ ಎಡಗಡೆಯ ಹಾಳೆ ಸೇರಿಸಿ, ಎರಡು ಬಣ್ಣದಲ್ಲಿ ಹಾಕಿ ಎಂದು ಬೇಡಿಕೊಂಡೆ. "ನೋಡೂಣ್ರಿ ಮೇಡಂ, ಮೊದಲ ಮುನ್ನುಡಿ ಕಳಸ್ರಿ" ಎಂದರು. ಝೆರಾಕ್ಸ್ ಅಂಗಡಿಯಿಂದ ಮನೆಗೆ ಹೋಗಲಿಲ್ಲ. ಸೀದಾ ಕಮತಗಿಯ ಬಸ್ಸು ಹತ್ತಿದೆ. ಅವ್ವಾರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಮೂಲಪ್ರತಿ ಅವರ ಹತ್ತಿರ ಇರಬೇಕು ಎಂಬ ಆಸೆ.

ಇತ್ತು. ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಮೊಮ್ಮಕ್ಕಳ ಗದ್ದಲದ ನಡುವೆ ಬಿಚ್ಚಿ ನನ್ನ ತೊಡೆಯ ಮೇಲಿಟ್ಟರು. ಹಾಳೆಗಳ ನಡುವೆ ಮಡಚಿದ ಎರಡು ಕಾಗದಗಳಿದ್ದವು. ಒಂದು, ನಾನು ಸಹಿ ಮಾಡಿದ ಕರಡಿನ ಕೊನೆಯ ಪುಟ. ತಪ್ಪಿಲ್ಲ, ಕೆಳಗೆ ನನ್ನ ಹೆಸರು. ನೆಲ ಬಾಯಿ ಬಿಡಬಾರದೇ ಅನಿಸಿತು.

"ಇದು ಯಾವಾಗ ಬಂತ್ರಿ ಅವ್ವಾರ?"

"ಪುಸ್ತಕದ ಗಂಟಿನಾಗ ಪ್ರೆಸ್ಸಿನವರು ಇಟ್ಟ ಕಳಿಸಿದ್ರು. ಕಣ್ಣ ನೆಟ್ಟಗ ಕಾಣಾಕತ್ತಿದ ದಿನ ಮದಲ ಅದನ್ನ ನೋಡಿದ್ರು."

ಅಂದರೆ ಪ್ರೆಸ್ಸಿನವರು ಕೆಡಿಸಿದರು ಎಂದು ನಾನು ಹೇಳಿದಾಗ, ಹೌದೇನು ಎಂದು ಅವರು ಕೇಳಿದಾಗ, ಅವರಿಗೆ ಎಲ್ಲ ಗೊತ್ತಿತ್ತು.

ಇನ್ನೊಂದು ಕಾಗದ ಪತ್ರಿಕೆಗೆ ಅವರು ಬರೆದ ಉತ್ತರದ ನಕಲು. ಉತ್ತರ ಬರೆದಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಪತ್ರಿಕೆಯವರು ಅದನ್ನು ಹಾಕಲಿಲ್ಲವಂತೆ. ಕೆಂಪು ಶಾಯಿ, ಕರಿ ಶಾಯಿ, ಎಡಗಡೆ, ಬಲಗಡೆ, ಎಲ್ಲ ವಿವರಿಸಿ, ಯಾರನ್ನೂ ದೂರದೆ ಬರೆದಿದ್ದರು. ಕೊನೆಯ ಸಾಲು ಇದು: ಕರಡನ್ನು ನಾನೇ ನೋಡಿ ಒಪ್ಪಿದ್ದೇನೆ, ತಪ್ಪು ನನ್ನದು.

ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದ ಮನುಷ್ಯ!

"ಹಿಂಗ್ಯಾಕ ಬರದ್ರು?" ಎಂದು ಕೂಗಿಯೇ ಬಿಟ್ಟೆ, ಅವ್ವಾರ ಮೇಲೆ ಕೂಗಿ ಏನು ಬಂತು? ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ನಾನೂ ಕೇಳಿದ್ನೆವ್ವಾ. ಅಕೀ ಹೆಸರ ಬಂದ್ರ ನೌಕರಿ ಹೋಗತೈತಿ, ಅಕೀ ಹೊಟ್ಟಿ ಮ್ಯಾಲ ಹೊಡಿಯೂದ ಬ್ಯಾಡ ಅಂದ್ರು. ತಾನ ಬಂದ ಹೇಳತಾಳ, ತಡಿ ಅಂದ್ರು. ಒಂದೊಂದ ದಿನ ಬಾಗಲಾ ಸಪ್ಪಳಾದ್ರ ನೋಡತಿದ್ರು."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾರ್ಯದರ್ಶಿಯ ಮೇಲೆ, ಪ್ರಾಧ್ಯಾಪಕರ ಮೇಲೆ ಇಷ್ಟು ವರ್ಷ ಸಾಕಿಕೊಂಡು ಬಂದ ಸಿಟ್ಟಲ್ಲ. ಆ ಇಬ್ಬರ ಹೆಸರು ಹೇಳಿ ಹೇಳಿ ನನ್ನದನ್ನು ಮುಚ್ಚಿಟ್ಟುಕೊಂಡ ನನ್ನ ಮೇಲೆ. ಮಾಸ್ತರ ಮೇಲೂ ಬಂತು, ಸುಳ್ಳೇಕೆ ಹೇಳುವುದು? ಮೂಲದಲ್ಲಿಲ್ಲದ ಒಂದು ಪ ಬರೆದದ್ದಕ್ಕೆ ಹನ್ನೊಂದು ಹಾಳೆ ಬರೆಸಿದವರು, ನಾನು ಮಾಡಿದ ಇಷ್ಟು ದೊಡ್ಡದನ್ನು ತಮ್ಮ ಹೆಸರಿಗೆ ಹಚ್ಚಿಕೊಂಡು ಸುಮ್ಮನೆ ಹೋಗಿಬಿಟ್ಟರು. ಕರೆದು ಕಪಾಳಕ್ಕೆ ಎರಡು ಕೊಡಬಾರದಿತ್ತೇ? ನಾನು ಉದ್ಧಾರವಾಗುತ್ತಿದ್ದೆ.

ಆ ವಾರವೇ ಮುನ್ನುಡಿ ಬರೆದು ಕಳಿಸಿದೆ. ಎರಡೇ ಪುಟ. ಯಾವುದು ಮೂಲದ್ದು, ಯಾವುದು ಮಾಸ್ತರದು, ಅದು ಹೇಗೆ ಕಲಸಿತು, ಕಲಸಿದ್ದು ಗೊತ್ತಿದ್ದೂ ತಪ್ಪಿಲ್ಲ ಎಂದು ಸಹಿ ಮಾಡಿದವರು ಯಾರು, ಎಲ್ಲ ಬರೆದೆ. ಮೂರನೆಯ ದಿನ ಹೊಸ ಕಾರ್ಯದರ್ಶಿಯ ಫೋನ್ ಬಂತು.

"ಭಾಳ ಛಂದ ಬರದೀರಿ ಮೇಡಂ. ಕಣ್ಣಾಗ ನೀರ ಬಂತು. ಆದ್ರ ಆ ಸಹಿ ವಿಷಯ ಒಂದ ತಗೀರಿ. ಮಾಸ್ತರು ಹಿರೇ ಮನಷ್ಯಾರು, ತೀರಿ ಹೋಗ್ಯಾರ, ಈಗ್ಯಾಕ ಅದೆಲ್ಲಾ? ನಿಮಗೂ ಛಲೋ ಅಲ್ಲ, ಸಮಿತಿಗೂ ಛಲೋ ಅಲ್ಲ. ಎಡಗಡೆ ಹಾಳಿದು ಮುಂದಿನ ಸಲ ನೋಡೂಣು."

ತೆಗೆಯುವುದಿಲ್ಲ ಎಂದೆ. ಹಾಗಾದರೆ ಮುನ್ನುಡಿ ಇಲ್ಲದೆಯೇ ಹಾಕುತ್ತೇವೆ ಎಂದರು. ಹಾಕುತ್ತಿದ್ದಾರೆ. ಈ ತಿಂಗಳ ಕೊನೆಗೆ ಪುಸ್ತಕ ಮತ್ತೆ ಹೊರಬರುತ್ತದೆ, ಹಿಂದಿನಂತೆಯೇ ತೆಳ್ಳಗೆ, ಎಲ್ಲ ಒಂದೇ ಸೈಜಿನಲ್ಲಿ, ಮಾಸ್ತರ ಹೆಸರಿನಲ್ಲಿ. ಇನ್ನೊಂದು ತಲೆಮಾರು ಅದನ್ನು ಮುಂದಿಟ್ಟುಕೊಂಡು ಹಾಡುತ್ತದೆ. ಇನ್ನೊಬ್ಬ ಪ್ರಾಧ್ಯಾಪಕರು ಮಠಕ್ಕೆ ಹೋಗಿ ಹೋಲಿಸಿ ನೋಡುತ್ತಾರೆ.

ಮಾಸ್ತರು ಬಾಗಿಲು ನೋಡುತ್ತ ಕಾದದ್ದು ನನಗಾಗಿ. ನಾನು ಹೋಗಲಿಲ್ಲ. ಈಗ ಹೋಗಲು ಆ ಬಾಗಿಲಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಆ ಕರಡನ್ನು ಅವರು ನೋಡಲಿಲ್ಲ. ನೋಡಿದವಳು ನಾನು.